ಟೆಂಟಿನಲ್ಲಿ ಕೇಳಿದ ಸಂಜೆಯ ರಾಗ

ಸಂಗೀತದ ಮನೆಗೆ ಕೆಲವರು ತಲಬಾಗಿಲಿನಿಂದ ಹೋಗುತ್ತಾರೆ. ಅಂಥವರ ಮನೆಯ ಮೂಲೆಯಲ್ಲಿ ತಂಬೂರಿ ಇರುತ್ತದೆ, ವಾರಕ್ಕೆರಡು ಸಲ ಗುರುಗಳು ಬರುತ್ತಾರೆ. ನಾನು ಹೋದದ್ದು ಹಿತ್ತಿಲ ಬಾಗಿಲಿನಿಂದ. ಅದೂ ಒಂದು ಟೂರಿಂಗ್ ಟಾಕೀಸಿನ ತಾಡಪತ್ರಿಯ ಬಾಗಿಲು! ಯಳವತ್ತಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಬಿ.ಕಾಂ. ಮುಗಿಸಿ, ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಗುಮಾಸ್ತ ನಾನು. ನನಗೆ ಹಾಡಲು ಬರುವುದಿಲ್ಲ, ಯಾವ ವಾದ್ಯವನ್ನೂ ನುಡಿಸಿದವನಲ್ಲ. ಆದರೆ ಕೇಳಲು ಬರುತ್ತದೆ. ಕೇಳುವುದನ್ನು ಕಲಿಸಿದ್ದು ಒಂದು ಕನ್ನಡ ಸಿನಿಮಾ.

ಆ ಚಿತ್ರದ ಹೆಸರು ‘ಸಂಧ್ಯಾರಾಗ’. 1966ರದ್ದು. ಅ.ನ. ಕೃಷ್ಣರಾಯರು, ಅಂದರೆ ಅನಕೃ, ಅದೇ ಹೆಸರಿನಲ್ಲಿ ಬರೆದ ಕಾದಂಬರಿಯನ್ನು ಆಧರಿಸಿದ್ದು. ಸಂಗೀತಗಾರನ ಪಾತ್ರದಲ್ಲಿ ರಾಜಕುಮಾರ್. ಸಂಗೀತ ಜಿ.ಕೆ. ವೆಂಕಟೇಶ್ ಅವರದು. ನಮ್ಮ ಕಡೆಯ ಟೆಂಟಿಗೆ ಅದು ಬಂದಾಗ ಒಂದು ಬೇಸಿಗೆ ದಾಟಿತ್ತು. ಆಗೆಲ್ಲ ಪಟ್ಟಣದಲ್ಲಿ ಓಡಿ ಸವೆದ ರೀಲುಗಳೇ ಹಳ್ಳಿಯ ಕಡೆ ಬರುತ್ತಿದ್ದವು. ಪರದೆಯ ತುಂಬ ಮಳೆ ಬಿದ್ದ ಹಾಗೆ ಗೆರೆಗಳು. ರೀಲು ಕಡಿದಾಗ ಶಿಳ್ಳೆ. ನೆಲದ ಮೇಲೆ ಕುಳಿತರೆ ಅಗ್ಗ, ಬಾಕಿಗೆ ಕುಳಿತರೆ ತುಟ್ಟಿ. ನಮ್ಮದು ಯಾವಾಗಲೂ ನೆಲವೇ.

ಸುಗ್ಗಿ ಮುಗಿದಿತ್ತು, ಹತ್ತಿ ಮಾರಿ ಕೈಯಲ್ಲಿ ನಾಲ್ಕು ಕಾಸಿತ್ತು. ಅಪ್ಪ ಚಕ್ಕಡಿ ಹೂಡಿದ. ಅವ್ವ, ನಾನು, ನಮ್ಮ ಕಾಕಾ, ಚಿಗವ್ವ, ಮತ್ತು ಕಾಕಾನ ಮಗ. ಇವನು ನನಗಿಂತ ಎರಡು ವರ್ಷ ಸಣ್ಣವ. ಅವನನ್ನು ಚಕ್ಕಡಿಗೆ ಹತ್ತಿಸುವಾಗ ಓಣಿಯವರು ಯಾರೋ ಅಂದರು:

“ಕಣ್ಣಿಲ್ಲದ ಕೂಸಿಗೆ ಸಿನಿಮಾ ಯಾಕೋ ಯಪ್ಪಾ? ಟಿಕೀಟಿನ ರೊಕ್ಕ ದಂಡ.”

ಹೌದು, ನನ್ನ ತಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ನಾಲ್ಕು ವರ್ಷದವನಿದ್ದಾಗ ಸಿಡುಬು ಎದ್ದು ಎರಡೂ ಕಣ್ಣು ಹೋಗಿದ್ದವು. ಇಂದಿನ ಮಕ್ಕಳಿಗೆ ಸಿಡುಬೆಂದರೆ ಗೊತ್ತಿಲ್ಲ. ಲಸಿಕೆಯಿಂದ ಅದನ್ನು ಪ್ರಪಂಚದಿಂದಲೇ ಅಳಿಸಿಹಾಕಲಾಯಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆದರೆ ನಮ್ಮ ಬಾಲ್ಯದಲ್ಲಿ “ಅಮ್ಮ ಬಂದಾಳ” ಎಂದು ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟುತ್ತಿದ್ದರು. ಬದುಕಿದವರ ಮುಖದ ಮೇಲೆ ಕಲೆ ಉಳಿಯುತ್ತಿತ್ತು, ಕೆಲವರ ಕಣ್ಣು ಹೋಗುತ್ತಿತ್ತು.

ಓಣಿಯವರ ಮಾತಿಗೆ ಕಾಕಾ ಏನೂ ಅನ್ನಲಿಲ್ಲ. ಅವನನ್ನು ನನ್ನ ಪಕ್ಕ ಕೂರಿಸಿ, “ನೀ ಅವಗ ಹೇಳಕೋಂತ ಹೋಗು, ಏನ್ ಕಾಣತದ ಅಂತ” ಎಂದ.

ಹೇಳುತ್ತ ಹೋದೆ. ಈಗ ರಾಜಕುಮಾರ ಬಂದ, ಈಗ ಮನೆ ತೋರಿಸತಾರ, ಈಗ ಅಳಾಕತ್ಯಾರ. ಟೆಂಟಿನಲ್ಲಿ ನನ್ನ ಪಿಸುಮಾತಿಗೆ ಹಿಂದಿನವರು ಬೈಯುತ್ತಲೇ ಇದ್ದರು. ಅಷ್ಟರಲ್ಲಿ ಆ ಹಾಡು ಬಂತು, ‘ನಂಬಿದೆ ನಿನ್ನ’ ಎಂದು ಶುರುವಾಗುವುದು. ಪರದೆಯ ಮೇಲೆ ಏನು ಕಾಣುತ್ತಿದೆ ಎಂದು ನಾನು ಹೇಳಲು ಹೋದರೆ ತಮ್ಮ ತನ್ನ ಅಂಗೈಯಿಂದ ನನ್ನ ಬಾಯಿ ಮುಚ್ಚಿದ.

“ಸುಮ್ನಿರೋ ಅಣ್ಣಾ.”

ಆ ದನಿ ಅಲ್ಲಿಯವರೆಗೆ ನಾವು ಕೇಳಿದ ಸಿನಿಮಾ ದನಿಗಳ ಹಾಗಿರಲಿಲ್ಲ. ಸಿನಿಮಾದ ಹಾಡುಗಾರರ ದನಿ ಸಕ್ಕರೆ ಪಾಕದಂತೆ ನುಣ್ಣಗೆ. ಇದು ಎರೆಹೊಲದಲ್ಲಿ ಗುಡುಗು ಉರುಳಿದ ಹಾಗೆ. ಕೆಳಗಿನಿಂದ ಎದ್ದು, ಹಾದಿ ಹುಡುಕುತ್ತ ಹುಡುಕುತ್ತ ಮೇಲೇರಿ, ಅಲ್ಲಿ ನಿಂತು, ಎಲ್ಲರೂ ಉಸಿರು ಹಿಡಿದ ಮೇಲೆ ಇಳಿಯುತ್ತಿತ್ತು. ಬೀಡಿ ಸೇದುತ್ತಿದ್ದವರು ಸೇದುವುದನ್ನು ಮರೆತರು ಎಂದು ಬರೆಯಬೇಕೆನ್ನಿಸುತ್ತದೆ. ನಿಜ ಹೇಳಬೇಕೆಂದರೆ ಅವರು ಸೇದುತ್ತಲೇ ಇದ್ದರು. ಆದರೆ ಯಾರೂ ಶಿಳ್ಳೆ ಹೊಡೆಯಲಿಲ್ಲ. ನಮ್ಮ ಹಿಂದೆ ಕುಳಿತ ಹಿರಿಯರೊಬ್ಬರು ಹೆಮ್ಮೆಯಿಂದ, “ಯಾರಂತ ತಿಳದೀರಿ? ನಮ್ಮ ಗದಗಿನ ಭೀಮಸೇನ” ಅಂದರು.

ಗದಗು ಎಂದರೆ ನಮ್ಮ ಸಂತಿಯ ಊರು, ಕೋರ್ಟಿಗೆ ಹೋಗುವ ಊರು. ಅಲ್ಲಿನವರೊಬ್ಬರು ರಾಜಕುಮಾರನ ಬಾಯೊಳಗಿಂದ ಹಾಡುತ್ತಾರೆಂದರೆ ನನಗೆ ನಂಬಲಾಗಲಿಲ್ಲ.

ಮಕ್ಕಳೇ, ಭೀಮಸೇನ ಜೋಶಿಯವರ ಬಾಲ್ಯದ ಕಥೆ ನಿಮಗೆ ಇಷ್ಟವಾಗುತ್ತದೆ. ನಿಮ್ಮ ಅಪ್ಪ ಅಮ್ಮನಿಗೆ ಇಷ್ಟವಾಗಲಿಕ್ಕಿಲ್ಲ! ಹುಟ್ಟಿದ್ದು 1922ರ ಫೆಬ್ರವರಿ 4ರಂದು. ತಂದೆ ಗುರುರಾಜ ಜೋಶಿಯವರು ಶಾಲಾ ಮಾಸ್ತರರು. ಬೀದಿಯಲ್ಲಿ ಭಜನೆಯ ದಿಂಡಿಯೋ ಬ್ಯಾಂಡಿನ ಮೆರವಣಿಗೆಯೋ ಹೊರಟರೆ ಈ ಹುಡುಗ ಅದರ ಬೆನ್ನು ಹತ್ತಿ ಹೋಗಿಬಿಡುತ್ತಿದ್ದ, ದಣಿದಲ್ಲಿಯೇ ಮಲಗುತ್ತಿದ್ದ. ಹುಡುಕಿ ಹುಡುಕಿ ಸಾಕಾದ ತಂದೆ ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದರಂತೆ. ಸಿಕ್ಕವರು ಮನೆಗೆ ತಲುಪಿಸಲಿ ಎಂದು. ಆಮೇಲೆ ಅಬ್ದುಲ್ ಕರೀಂ ಖಾನರ ಒಂದು ಠುಮರಿಯ ಗ್ರಾಮೋಫೋನ್ ತಟ್ಟೆ ಕಿವಿಗೆ ಬಿತ್ತು. ಹಾಗೆ ಹಾಡಲೇಬೇಕೆಂದು 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಮನೆ ಬಿಟ್ಟು ರೈಲು ಹತ್ತಿದರು. ಟಿಕೀಟಿಗೆ ದುಡ್ಡಿಲ್ಲ, ಡಬ್ಬಿಯಲ್ಲಿ ಹಾಡುತ್ತ ಹಾಡುತ್ತ ಪ್ರಯಾಣ. ಗ್ವಾಲಿಯರ್, ಕಲಕತ್ತಾ, ಜಲಂಧರ್ ಎಂದೆಲ್ಲ ಗುರುವಿಗಾಗಿ ಅಲೆದರು. ತಂದೆ ಜಲಂಧರಿನಿಂದ ಕರೆತಂದರು. ಕೊನೆಗೆ ಗುರು ಸಿಕ್ಕಿದ್ದೆಲ್ಲಿ? ನಮ್ಮ ಪಕ್ಕದ ಕುಂದಗೋಳದಲ್ಲಿ! ಸವಾಯಿ ಗಂಧರ್ವರು ಅಲ್ಲಿದ್ದರು. ಅವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಅರ್ಧ ಹಿಂದೂಸ್ತಾನ ತಿರುಗಿದ ಹುಡುಗ ಮನೆಯ ಹಿತ್ತಿಲಿಗೇ ಮರಳಿ ಬಂದ ಹಾಗಾಯಿತು. 1936ರಿಂದ ಅವರ ಮನೆಯಲ್ಲಿ ನೀರು ಹೊತ್ತು, ಗುರುಸೇವೆ ಮಾಡುತ್ತ ಕಲಿತರು. ಆಗ ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರೂ ರೈಲಿನಲ್ಲಿ ಪಾಠಕ್ಕೆ ಬರುತ್ತಿದ್ದರು. ಪಾಠ ಮುಗಿದು ಕತ್ತಲಾದರೆ ಅವರನ್ನು ಸ್ಟೇಷನ್ನಿಗೆ ಮುಟ್ಟಿಸುವ ಕೆಲಸ ಈ ಭೀಮಣ್ಣನದು. 2008ರಲ್ಲಿ ಭಾರತರತ್ನ ಬಂತು. 2011ರ ಜನವರಿಯಲ್ಲಿ ಪುಣೆಯಲ್ಲಿ ತೀರಿಕೊಂಡರು.

ಇದೆಲ್ಲ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆ ರಾತ್ರಿಯ ಮಾತಿಗೆ ಬರುತ್ತೇನೆ.

ಸಿನಿಮಾ ಬಿಟ್ಟಾಗ ಮಧ್ಯರಾತ್ರಿ. ಚಕ್ಕಡಿಯಲ್ಲಿ ಹುಲ್ಲಿನ ಮೇಲೆ ಎಲ್ಲರೂ ಒರಗಿದ್ದೆವು. ಎತ್ತುಗಳಿಗೆ ದಾರಿ ಗೊತ್ತು, ಹೊಡೆಯುವವರೂ ತೂಕಡಿಸುತ್ತಾರೆ. ಆಗ ನನ್ನ ತಮ್ಮ ಗುನುಗತೊಡಗಿದ. ಮಾತಿಲ್ಲ, ಬರೀ ದನಿ. ಸಿನಿಮಾದಲ್ಲಿ ಒಂದೇ ಸಲ ಕೇಳಿದ್ದ ಹಾಡು. ಎಲ್ಲಿ ಎದ್ದಿತ್ತೋ ಅಲ್ಲೇ ಎದ್ದಿತು, ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿತು. ಅಪ್ಪ, ಕಾಕಾ ಇಬ್ಬರೂ ಎಚ್ಚರಾಗಿದ್ದರೆಂದು ನನಗೆ ಗೊತ್ತಿತ್ತು. ಏಕೆಂದರೆ ಇಬ್ಬರ ತೂಕಡಿಕೆಯ ಸಪ್ಪಳವೂ ನಿಂತಿತ್ತು. ಯಾರೂ ಮಾತಾಡಲಿಲ್ಲ.

ಮನೆಯಲ್ಲಿ ಮಾತು ಎದ್ದದ್ದು ವಾರದ ಮೇಲೆ. “ಇವನ್ನ ಗದಗಿನ ಆಶ್ರಮಕ್ಕ ಬಿಡೂಣು” ಎಂದು ಕಾಕಾ ಅಂದ. ಚಿಗವ್ವ ಒಪ್ಪಲಿಲ್ಲ. ಅವಳ ಕಣ್ಣ ಮುಂದೆ ಇದ್ದ ಚಿತ್ರ ಒಂದೇ: ರೈಲಿನಲ್ಲಿ ಹಾರ್ಮೋನಿಯಂ ಕೊರಳಿಗೆ ಹಾಕಿಕೊಂಡು ತಟ್ಟೆ ಒಡ್ಡುವ ಕುರುಡರು. “ನನ್ನ ಮಗ ಭಿಕ್ಷಾ ಬೇಡೂದು ಬ್ಯಾಡ. ನಾ ಇರೂತನಾ ನಾ ಉಣಸ್ತೀನಿ” ಅಂದಳು. “ನೀ ಹೋದಮ್ಯಾಲೆ?” ಎಂದು ಕಾಕಾ ಕೇಳಿದ. ಆ ಪ್ರಶ್ನೆಗೆ ಅವಳು ಎರಡು ದಿನ ಒಲೆ ಹಚ್ಚಲಿಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ನಿಮ್ಮ ಅಜ್ಜ ಅಜ್ಜಿಯರಿಗೆ ಗೊತ್ತಿರುತ್ತದೆ. ಪಂಚಾಕ್ಷರಿ ಗವಾಯಿಗಳು (1892–1944) ಸ್ವತಃ ಅಂಧರು. ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು, ಅನ್ನ ಹಾಕಿ, ಸಂಗೀತ ಕಲಿಸಿದವರು. ಬಸವರಾಜ ರಾಜಗುರುಗಳಂಥ ದೊಡ್ಡ ಗಾಯಕರು ಅವರ ಶಿಷ್ಯರು. ಅವರ ನಂತರ ಆಶ್ರಮವನ್ನು ನಡೆಸಿದವರು ಪುಟ್ಟರಾಜ ಗವಾಯಿಗಳು (1914–2010). ಇವರಿಗೂ ಕಣ್ಣಿರಲಿಲ್ಲ. ಎಷ್ಟೋ ವಾದ್ಯಗಳು ಅವರ ಕೈಯಲ್ಲಿ ನುಡಿಯುತ್ತಿದ್ದವು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಗ್ರಂಥ ಬರೆದರು. ಆಶ್ರಮದ ಮಕ್ಕಳ ಊಟಕ್ಕಾಗಿ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ಭಕ್ತರು ಅವರಿಗೆ ನಾಣ್ಯದ ತುಲಾಭಾರ ಮಾಡುತ್ತಿದ್ದರು, ಆ ಹಣವೆಲ್ಲ ಮಕ್ಕಳ ಅನ್ನಕ್ಕೆ. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಅವರು ಲಿಂಗೈಕ್ಯರಾದರು. ನಮ್ಮ ಕಡೆ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ‘ಅಜ್ಜಾರು’ ಅಂದರೆ ಮುಗಿಯಿತು.

ಚಿಗವ್ವ ತಾನೇ ಹೋಗಿ ನೋಡಿ ಬಂದಳು. ಅಲ್ಲಿ ಸಣ್ಣ ಸಣ್ಣ ಕುರುಡು ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಕೈ ಇಟ್ಟು ಸಾಲಾಗಿ ಊಟಕ್ಕೆ ಹೋಗುತ್ತ ನಗುತ್ತಿದ್ದರಂತೆ. “ನಗತಾವ ನೋಡ್ರಿ ಹುಡುಗೂರು” ಎಂದು ಮನೆಗೆ ಬಂದು ಹತ್ತು ಸಲ ಹೇಳಿದಳು. ಮುಂದಿನ ಅಮಾವಾಸ್ಯೆ ಕಳೆದ ಮೇಲೆ ತಮ್ಮ ಗದಗಿಗೆ ಹೋದ. ಅವನಿಗಾಗ ಹದಿಮೂರು.

ಅವನು ಆಶ್ರಮದಲ್ಲಿ ಹನ್ನೊಂದು ವರ್ಷ ಕಲಿತ. ಗಾಯನ, ಹಾರ್ಮೋನಿಯಂ, ತಬಲಾ. ಮುಂದೆ ಶಾಲೆಯೊಂದರಲ್ಲಿ ಸಂಗೀತ ಮಾಸ್ತರನಾದ, ಮದುವೆಯಾದ, ಮನೆ ಕಟ್ಟಿದ, ಚಿಗವ್ವನನ್ನು ಕೊನೆಯವರೆಗೆ ಅವನೇ ನೋಡಿಕೊಂಡ. ನಿವೃತ್ತನಾಗಿ ಈಗ ಯಳವತ್ತಿಯಲ್ಲೇ ಇದ್ದಾನೆ.

ನನ್ನ ಕಲಿಕೆ ನಡೆದದ್ದು ಅವನ ಮೂಲಕ. ಕಾಲೇಜಿನ ದಿನಗಳಲ್ಲಿ ರವಿವಾರ ಆಶ್ರಮಕ್ಕೆ ಅವನನ್ನು ನೋಡಲು ಹೋಗುತ್ತಿದ್ದೆ. ಒಮ್ಮೆ ಸಂಜೆ ಅವನೇ ಹಾರ್ಮೋನಿಯಂ ಮುಂದಿಟ್ಟುಕೊಂಡು ಆ ಟೆಂಟಿನ ಹಾಡಿನ ಗುಟ್ಟು ಬಿಚ್ಚಿ ತೋರಿಸಿದ. ಮಕ್ಕಳಿಗೂ ತಿಳಿಯುವ ಹಾಗೆ ಹೇಳುತ್ತೇನೆ. ಆ ರಾಗದ ಹೆಸರು ಪೂರಿಯಾ ಕಲ್ಯಾಣ. ಎರಡು ರಾಗ ಕೂಡಿದ್ದು: ಏಣಿಯ ಕೆಳಗಿನ ಮೆಟ್ಟಿಲುಗಳು ಪೂರಿಯಾದವು, ಮೇಲಿನ ಮೆಟ್ಟಿಲುಗಳು ಕಲ್ಯಾಣದವು. ಕೆಳಗೆ ರಿಷಭ ಕೋಮಲ, ಅಂದರೆ ಒಂದಿಷ್ಟು ತಗ್ಗಿದ ಸ್ವರ. ಕೇಳಿದರೆ ಏನೋ ಕಳೆದುಕೊಂಡ ಹಾಗೆ. ನಡುವೆ ಮಧ್ಯಮ ತೀವ್ರ, ಒಂದಿಷ್ಟು ಏರಿದ ಸ್ವರ. ಬಾಗಿಲಲ್ಲಿ ನಿಂತು ಯಾರಿಗೋ ಕಾದ ಹಾಗೆ. ಮೇಲೆ ಹೋದಂತೆ ಕಲ್ಯಾಣದ ಬೆಳಕು. ಹೊತ್ತು ಮುಳುಗಿಯೂ ಮುಳುಗದ, ದೀಪ ಹಚ್ಚಿಯೂ ಹಚ್ಚದ ಆ ಸಮಯಕ್ಕೆ ಇಂಥ ರಾಗಗಳನ್ನು ಹಾಡುತ್ತಾರೆ. ಸಿನಿಮಾದ ಹೆಸರೇ ಅದಾಗಿತ್ತು. ನಾನು ಅಲ್ಲಿಯವರೆಗೆ ‘ಸಂಧ್ಯಾರಾಗ’ ಅಂದರೆ ಸುಮ್ಮನೆ ಚೆಂದದ ಹೆಸರು ಅಂದುಕೊಂಡಿದ್ದೆ.

“ಅಣ್ಣಾ, ಸಂಜಿ ಹೆಂಗ ಕಾಣತದ?” ಎಂದು ಅವನು ಆಗ ಕೇಳಿದ. ಹೊಲದ ಬದುವಿನ ಮೇಲೆ ಕೆಂಪು, ಅದರ ಮೇಲೆ ಬೂದಿ ಬಣ್ಣ, ಎತ್ತುಗಳ ಧೂಳು ಎಂದೇನೋ ಹೇಳಿದೆ. ಅವನು ಕೋಮಲ ರಿಷಭದ ಮೇಲೆ ಬೆರಳಿಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ಅದೇ ಸಿನಿಮಾದಲ್ಲಿ ಬಾಲಮುರಳಿಕೃಷ್ಣ ಅವರೂ ಹಾಡಿದ್ದರು. ಹೀಗೆ ಒಂದೇ ಟಿಕೀಟಿನಲ್ಲಿ ಹಿಂದೂಸ್ತಾನಿ, ಕರ್ನಾಟಕಿ ಎರಡೂ ನಮ್ಮ ಟೆಂಟಿಗೆ ಬಂದುಬಿಟ್ಟಿದ್ದವು. ಅಲ್ಲಿಂದ ಒಂದೊಂದೇ ದಾರ ಹಿಡಿದು ಹೋದೆ. ಭೀಮಸೇನರ ದಾರ ಹಿಡಿದರೆ 1956ರ ಹಿಂದಿ ಚಿತ್ರ ‘ಬಸಂತ್ ಬಹಾರ್’ ಸಿಕ್ಕಿತು. ಅದರ ಕಥೆ ನಮ್ಮ ತ.ರಾ.ಸು. ಅವರ ‘ಹಂಸಗೀತೆ’. ಅದರಲ್ಲೊಂದು ಸ್ಪರ್ಧೆಯ ಹಾಡಿದೆ; ಭೀಮಸೇನರನ್ನು ಮನ್ನಾ ಡೇ ಸೋಲಿಸಬೇಕು! ಹೆದರಿದ ಮನ್ನಾ ಡೇ ಊರನ್ನೇ ಬಿಟ್ಟು ಓಡಿಹೋಗುವ ಯೋಚನೆ ಮಾಡಿದ್ದರಂತೆ. ಹೆಂಡತಿ ಧೈರ್ಯ ಹೇಳಿದರು. ಬಾಲಮುರಳಿಯವರ ದಾರ ಹಿಡಿದರೆ ಜಿ.ವಿ. ಅಯ್ಯರ್ ಅವರ 1975ರ ‘ಹಂಸಗೀತೆ’. ಅದೂ ಅದೇ ತ.ರಾ.ಸು. ಕಾದಂಬರಿ, ಹಾಡಿದ್ದಕ್ಕೆ ಬಾಲಮುರಳಿಯವರಿಗೆ ರಾಷ್ಟ್ರಪ್ರಶಸ್ತಿ. ಕನ್ನಡದ ಕಾದಂಬರಿಕಾರರು ಈ ದೇಶದ ಸಂಗೀತಕ್ಕೆ ಮಾಡಿದ ಉಪಕಾರವನ್ನು ಯಾರಾದರೂ ಲೆಕ್ಕ ಹಾಕಬೇಕು. ನಾನು ಗುಮಾಸ್ತ, ನನಗೆ ಲೆಕ್ಕದ ಚಟ.

ಚಟದ ಮಾತು ಬಂತೆಂದು ಹೇಳುತ್ತೇನೆ. ಕೌಂಟರಿನಲ್ಲಿ ಕುಳಿತಾಗ ನೋಟುಗಳನ್ನು ನಾನು ತೀನ್‌ತಾಲದಲ್ಲಿ ಎಣಿಸುತ್ತಿದ್ದೆ. ಹದಿನಾರು ಮಾತ್ರೆಗೆ ಒಂದು ಆವರ್ತನ. ಆರು ಆವರ್ತನ, ಮೇಲೆ ನಾಲ್ಕು, ಅಲ್ಲಿಗೆ ಒಂದು ಕಟ್ಟು ನೂರು. ಮ್ಯಾನೇಜರರು ತುಟಿ ಅಲುಗಾಡುವುದನ್ನು ನೋಡಿ ಜಪ ಮಾಡುತ್ತಾನೆ ಅಂದುಕೊಂಡಿದ್ದರು. 1979ರಲ್ಲಿ ಟೇಪ್‌ರೆಕಾರ್ಡರ್ ಕೊಂಡೆ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಖಾಲಿ ಕ್ಯಾಸೆಟ್ಟಿಗೆ ‘ಸಂಧ್ಯಾರಾಗ’ದ ಹಾಡುಗಳನ್ನು ತುಂಬಿಸಿಕೊಂಡು ಬಂದೆ. ಸವೆದು ಸುತ್ತಿಕೊಂಡಾಗಲೆಲ್ಲ ಪೆನ್ಸಿಲ್ ಹಾಕಿ ತಿರುವುತ್ತಿದ್ದೆ. ಪೆನ್ಸಿಲಿಗೂ ಕ್ಯಾಸೆಟ್ಟಿಗೂ ಏನು ಸಂಬಂಧ ಎಂದು ಮಕ್ಕಳು ಅಜ್ಜನನ್ನು ಕೇಳಿ.

1995ರಲ್ಲಿ ಇನ್ನೊಂದು ಚಿತ್ರ ಬಂತು, ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’. ಚಿಂದೋಡಿ ಬಂಗಾರೇಶ್ ನಿರ್ದೇಶನ. ಆಶ್ರಮದ ಕಥೆಯೇ ಪರದೆಯ ಮೇಲೆ! ಆ ವರ್ಷದ ಚಿತ್ರಗಳಲ್ಲಿ ಸಂಗೀತಕ್ಕಾಗಿ ಹಂಸಲೇಖ ಅವರಿಗೆ, ಹಾಡಿದ್ದಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ, ಎರಡು ರಾಷ್ಟ್ರಪ್ರಶಸ್ತಿ ಬಂದವು. ತಮ್ಮನನ್ನು ಟಾಕೀಸಿಗೆ ಕರೆದೊಯ್ದೆ. ಈ ಸಲ ನಾನು ಪಿಸುಗುಡುವ ಪ್ರಮೇಯವೇ ಬರಲಿಲ್ಲ. ಅವನೇ ನನಗೆ, “ಈಗ ಊಟದ ಗಂಟಿ ಬಾರಿಸತಾರ ನೋಡು” ಎಂದು ಹೇಳುತ್ತಿದ್ದ. ಅವನಿಗೆ ಒಳಗಿನದೆಲ್ಲ ಗೊತ್ತಿತ್ತಲ್ಲ.

ಈಗ ಮೊಮ್ಮಗಳ ಸರದಿ. ಬೆಂಗಳೂರಿನಲ್ಲಿ ಒಂಬತ್ತನೆಯ ಇಯತ್ತೆ. ಗಿಟಾರ್ ನುಡಿಸುತ್ತಾಳೆ. ಅವಳ ಹಿತ್ತಿಲ ಬಾಗಿಲೂ ಒಂದು ಸಿನಿಮಾವೇ. 2008ರಲ್ಲಿ ‘ಸೈಕೋ’ ಎಂಬ ಚಿತ್ರ ಬಂದಿತ್ತು. ಸಂಗೀತ ಮೈಸೂರಿನ ರಘು ದೀಕ್ಷಿತರದು. ಅದರ ಮಾದೇಶ್ವರನ ಹಾಡು ಆಗ ಎಲ್ಲ ಕಡೆ ಕೇಳಿಸುತ್ತಿತ್ತು. ಅವಳು ಆ ಸಿನಿಮಾ ನೋಡಿಲ್ಲ, ಅವಳು ಹುಟ್ಟಿಯೂ ಇರಲಿಲ್ಲ. ಅಪ್ಪನ ಕಾರಿನಲ್ಲಿ ಆ ಹಾಡು ಕೇಳಿ, ಅದನ್ನು ಹಾಡಿದವರು ಮತ್ತೇನು ಹಾಡಿದ್ದಾರೆಂದು ಹುಡುಕುತ್ತ ಹೋಗಿ, ಅದೇ ವರ್ಷ ಬಂದ ಅವರ ಆಲ್ಬಂ ಕೇಳಿ, ಅಲ್ಲಿಂದ ಎಲ್ಲಿಗೆ ತಲುಪಿದಳು ಗೊತ್ತೇ? ಶಿಶುನಾಳ ಶರೀಫರಲ್ಲಿಗೆ!

“ಅಜ್ಜಾ, ಶರೀಫರು ಅಂತ ಒಬ್ಬರು ಲಿರಿಸಿಸ್ಟ್ ಇದಾರೆ, ಸೂಪರ್” ಅಂದಳು.

ನಗು ತಡೆಯಲಾಗಲಿಲ್ಲ. ಶಿಶುನಾಳ ನಮ್ಮ ನೆರೆಯ ಊರು. ಹತ್ತೊಂಬತ್ತನೆಯ ಶತಮಾನದ ಸಂತ, ಕಳಸದ ಗೋವಿಂದ ಭಟ್ಟರ ಶಿಷ್ಯ. ಅವರ ಪದಗಳನ್ನು ಹಾಡದೆ ನಮ್ಮ ಊರಿನ ಭಜನೆ ಮುಗಿಯುವುದಿಲ್ಲ. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಬಂದಾಗ ಸಿ. ಅಶ್ವಥ್ ಅವರ ದನಿಯಲ್ಲಿ ಇಡೀ ನಾಡು ಅವುಗಳನ್ನು ಹಾಡಿತು. ಈಗ ಗುಡುಗುಡಿಯ ಪದ ಡ್ರಮ್ಮು, ಗಿಟಾರು, ಪಿಟೀಲಿನೊಂದಿಗೆ ನನ್ನ ಮೊಮ್ಮಗಳ ಮೊಬೈಲಿನಲ್ಲಿ ಬರುತ್ತಿದೆ. ನನಗೆ ಆ ಡ್ರಮ್ಮು ಜಾಸ್ತಿ ಅನ್ನಿಸಿತು, ಅನ್ನಿಸಿದ್ದನ್ನು ಹೇಳಿದೆ. ಅವಳು ಮುಖ ಊದಿಸಿಕೊಂಡಳು.

ಹೋದ ದಸರೆಯ ರಜೆಗೆ ಅವಳು ಯಳವತ್ತಿಗೆ ಬಂದಾಗ ಈ ಜಗಳವನ್ನು ತಮ್ಮನ ಕಟ್ಟೆಗೆ ಒಯ್ದೆವು. ಅವನಿಗೆ ಈಗ ಎಪ್ಪತ್ತೊಂದು. ದನಿ ಒಡೆದಿದೆ, ಕಲಿಯಲು ಬರುವ ಮಕ್ಕಳೂ ಎರಡು ವರ್ಷದಿಂದ ನಿಂತಿದ್ದಾರೆ. ಹಾರ್ಮೋನಿಯಂ ಮೇಲೆ ಚಾದರ ಹೊದಿಸಿ ಇಟ್ಟಿದ್ದ. ಮೊಬೈಲನ್ನು ಕಿವಿಗೆ ಹಿಡಿದು ಪೂರ್ತಿ ಕೇಳಿದ. ತೊಡೆಯ ಮೇಲೆ ತಾಳ ಹಾಕುತ್ತಿದ್ದ, ನಾನು ಕಣ್ಣಿಟ್ಟು ನೋಡುತ್ತಿದ್ದೆ.

“ಇದು ನಮ್ಮ ಭಜನೀ ನಡಿಗೀನ ಅದ ಅಣ್ಣಾ” ಅಂದ. “ಗಡಿಬಿಡಿ ಏನಿಲ್ಲ. ದಮಡೀ ಇದ್ದಲ್ಲಿ ಅವರು ಬ್ಯಾರೆ ಏನೋ ಬಡೀತಾರ, ಅಷ್ಟ. ಶರೀಫಸಾಹೇಬ್ರು ಇದ್ದಿದ್ರ ತಾವೂ ಒಂದು ಏಟು ಹಾಕತಿದ್ರು.”

ಮೊಮ್ಮಗಳು ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

“ಅದು ಇರಲಿ ಸಣ್ಣಜ್ಜಾ, ನೀವು ಆ ಟೆಂಟಿನ ಹಾಡು ಹಾಡಿ” ಎಂದಳು. ಅವನು ಬೇಡವೆಂದ. ಮೇಲಿನ ಷಡ್ಜ ಈಗ ಮುಟ್ಟುವುದಿಲ್ಲ, ಕೆಟ್ಟದಾಗಿ ಹಾಡುವುದಕ್ಕಿಂತ ಸುಮ್ಮನಿರುವುದು ಚಲೋ ಎಂದ. ಅವಳು ಬಿಡಲಿಲ್ಲ. ನಿಮ್ಮ ಸ್ಕೇಲ್ ಯಾವುದು ಎಂದು ಕೇಳಿದಳು. ಅವನು ಚಾದರ ತೆಗೆದು, ತಡವಿ, ಒಂದನೆಯ ಕರಿ ಮನೆಯನ್ನು ಒತ್ತಿ ತೋರಿಸಿದ. ಅವಳು ಗಿಟಾರಿನ ಕೊರಳಿಗೆ ಒಂದು ಚಿಮಟಿಗೆ ಸಿಕ್ಕಿಸಿದಳು. ಕೇಪೋ ಅನ್ನುತ್ತಾರಂತೆ, ಎಲ್ಲ ತಂತಿಗಳ ಸ್ವರವನ್ನೂ ಒಂದು ಮನೆ ಏರಿಸುತ್ತದೆ. ಷಡ್ಜ, ಪಂಚಮ ಎರಡನ್ನೇ ಮೀಟುತ್ತ ಕುಳಿತಳು, ತಂಬೂರಿಯ ಹಾಗೆ. ಅವಳಿಗೆ ಅದನ್ನು ಯಾರು ಹೇಳಿಕೊಟ್ಟರೋ.

ಹೊತ್ತು ಮುಳುಗುತ್ತಿತ್ತು, ಕಟ್ಟೆಯ ಮುಂದೆ ಎಮ್ಮೆಗಳು ಮನೆಗೆ ಹೋಗುತ್ತಿದ್ದವು. ತಮ್ಮ ಬಹಳ ಹೊತ್ತು ಕೆಳಗಿನ ಸ್ವರಗಳಲ್ಲೇ ಇದ್ದ. ಕೋಮಲ ರಿಷಭ, ಮತ್ತೆ ಷಡ್ಜ. ಆಮೇಲೆ ಏರಿದ. ಮೇಲಿನ ಷಡ್ಜದ ಹತ್ತಿರ ದನಿ ಒಡೆಯಿತು. ಅಲ್ಲಿ ಅವನು ನಿಲ್ಲಿಸಿದಾಗ ಮೊಮ್ಮಗಳು ಆ ಸ್ವರವನ್ನು ತಾನು ಹಿಡಿದಳು. ಮಾತಿಲ್ಲ, ಬರೀ ದನಿ. ಅವನು ಮುಖವನ್ನು ಅವಳ ಕಡೆ ತಿರುಗಿಸಿ, ಕೈಸನ್ನೆಯಿಂದ ‘ಹಿಡಿ, ಹಿಡಿ’ ಎಂದು ಅವಳನ್ನು ಅಲ್ಲಿಯೇ ನಿಲ್ಲಿಸಿ, ತಾನು ನಿಧಾನಕ್ಕೆ ಕೆಳಗೆ ಇಳಿದು ಬಂದ.

ಅದನ್ನೆಲ್ಲ ಅವಳು ಮೊಬೈಲಿನಲ್ಲಿ ತುಂಬಿಕೊಂಡಿದ್ದಳಂತೆ. ನಡುವೆ ಒಂದು ಎಮ್ಮೆ ಕೂಗಿದ್ದೂ ಅದರಲ್ಲಿದೆ. ಬೆಂಗಳೂರಿಗೆ ಹೋದ ಮೇಲೆ ಪ್ರತಿ ಶನಿವಾರ ಸಂಜೆ ಆರೂವರೆಗೆ ಅವಳು ತಮ್ಮನಿಗೆ ಫೋನು ಮಾಡುತ್ತಾಳೆ, ಅವನು ಪಾಠ ಹೇಳುತ್ತಾನೆ. ಇನ್ನೂ ಅಲಂಕಾರಗಳೇ ನಡೆದಿವೆ. “ಪೂರಿಯಾ ಕಲ್ಯಾಣ ಯಾವಾಗ ಸಣ್ಣಜ್ಜಾ?” ಎಂದು ಅವಳು ಕೇಳಿದರೆ, “ಭೂಪಾಲಿ ಆಗಲಿ, ಯಮನ ಆಗಲಿ, ಆಮ್ಯಾಲೆ ನೋಡೂಣು” ಅನ್ನುತ್ತಾನೆ. ಫೋನು ಹಿಡಿದುಕೊಂಡು ಕೂರುವ ಕೆಲಸ ನನ್ನದು. ನಡುವೆ ನಾನೇನಾದರೂ ಬಾಯಿ ಹಾಕಿದರೆ ಈಗಲೂ ಅವನ ಅಂಗೈ ಎದ್ದು ಬರುತ್ತದೆ.